ಬಣ್ಣ ಆಮೇಲೆ, ಮೊದಲು ನೆಕ್ ನೋಡಿ

ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ ಮಾರುವವರು ಹಾಕುವ ಫೋಟೋಗಳನ್ನು ಗಮನಿಸಿದ್ದೀರಾ? ಬಾಡಿಯ ಹೊಳಪು, ಬಣ್ಣ, ತುದಿಯಲ್ಲಿರುವ ಕಂಪನಿ ಹೆಸರು, ಇಷ್ಟೇ. ನೆಕ್ ಅನ್ನು, ಅಂದರೆ ತಂತಿ ಒತ್ತಲು ಕೈ ಹಿಡಿಯುವ ಉದ್ದನೆಯ ಭಾಗವನ್ನು, ಪಕ್ಕದಿಂದ ತೋರಿಸುವವರು ಅಪರೂಪ. ಆದರೆ ಕೊಟ್ಟ ದುಡ್ಡು ಉಳಿಯುತ್ತದೋ ಮುಳುಗುತ್ತದೋ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ಬೇಸ್‌ನ ಬಹಳಷ್ಟು ರೋಗಗಳು ಒಂದು ಸ್ಕ್ರೂಡ್ರೈವರ್, ಒಂದು ಅಲೆನ್ ಕೀ, ಒಂದು ಸೆಟ್ ಹೊಸ ತಂತಿಯಲ್ಲಿ ವಾಸಿಯಾಗುತ್ತವೆ. ಕೆಲವಕ್ಕೆ ಮದ್ದಿಲ್ಲ. ಯಾವುದು ಯಾವ ಜಾತಿ ಅಂತ ತಿಳಿಯಲು ಸ್ವಲ್ಪ ಭೌತವಿಜ್ಞಾನ ಸಾಕು.

ತಂತಿಯಿಂದ ಶುರು ಮಾಡೋಣ. ಬೇಸ್‌ನ ದಪ್ಪ ತಂತಿ, ಅಂದರೆ ಇ ತಂತಿ, ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ತೆಳ್ಳನೆಯ ಜಿ ತಂತಿ 98 ಸಲ. ಇಷ್ಟು ತಗ್ಗಿನ ಸ್ವರ ಬೇಕಾದರೆ ಮೂರು ದಾರಿಗಳಿವೆ: ತಂತಿ ಉದ್ದ ಮಾಡಿ, ದಪ್ಪ ಮಾಡಿ, ಇಲ್ಲಾ ಸಡಿಲ ಬಿಡಿ. ಸಡಿಲ ಬಿಟ್ಟರೆ ತಂತಿ ಫ್ರೆಟ್‌ಗೆ, ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗೆ, ಬಡಿದು ಜರಜರ ಅನ್ನುತ್ತದೆ. ಹಾಗಾಗಿ ಮೊದಲೆರಡೇ ಗತಿ. ಸಾಮಾನ್ಯವಾಗಿ ಸಿಗುವ ಒಂದು ಸೆಟ್‌ನಲ್ಲಿ ಜಿ ತಂತಿ 1.14 ಮಿ.ಮೀ. ದಪ್ಪ ಇದ್ದರೆ ಇ ತಂತಿ 2.67 ಮಿ.ಮೀ. ದಪ್ಪದಲ್ಲಿ 2.3 ಪಟ್ಟು ವ್ಯತ್ಯಾಸ, ಕಂಪನದಲ್ಲಿ 2.4 ಪಟ್ಟು. ಉದ್ದ, ಬಿಗಿ ಒಂದೇ ಇದ್ದರೆ ದಪ್ಪ ಏರಿದಷ್ಟೇ ಪಟ್ಟು ಕಂಪನ ಇಳಿಯುತ್ತದೆ. ಅಂದರೆ ಎರಡೂ ತಂತಿಗಳ ಬಿಗಿ ಹತ್ತಿರ ಹತ್ತಿರ ಒಂದೇ. ಬೆರಳಿಗೆ ನಾಲ್ಕೂ ತಂತಿ ಒಂದೇ ಥರ ಸಿಗಲಿ ಅಂತಲೇ ಈ ಲೆಕ್ಕ.

ತಂತಿಯ ಉದ್ದದ ಲೆಕ್ಕ ಗಟ್ಟಿಯಾಗಿದ್ದು 1951ರಲ್ಲಿ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ ಆ ವರ್ಷ ಪ್ರಿಸಿಷನ್ ಬೇಸ್ ಹೊರತಂದರು. ಅದಕ್ಕೂ ಮೊದಲೇ, 1930ರ ದಶಕದಲ್ಲಿ, ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ಫ್ರೆಟ್ ಇರುವ ಎಲೆಕ್ಟ್ರಿಕ್ ಬೇಸ್ ಮಾಡಿದ್ದರು, ಪಾಪ, ಅದು ಓಡಲಿಲ್ಲ. ಫೆಂಡರ್ ಆರಿಸಿಕೊಂಡ 34 ಇಂಚು ಇವತ್ತಿಗೂ ಮಾಮೂಲಿ ಅಳತೆ. ಕೈ ಚಿಕ್ಕದಿರುವವರಿಗೆ 30 ಇಂಚಿನ ಆಸುಪಾಸಿನವೂ ಸಿಗುತ್ತವೆ. ಅವು ಮಕ್ಕಳಾಟಿಕೆಯೇನಲ್ಲ, ಅಂಗಡಿಯವರು ಹಾಗಂದರೆ ನಂಬಬೇಡಿ.

ಈಗ ನೆಕ್‌ನ ಪಾಡು ಯೋಚಿಸಿ. ಅಷ್ಟುದ್ದದ ತೆಳ್ಳನೆಯ ಮರ. ನಾಲ್ಕೂ ತಂತಿ ಸೇರಿ ಅದನ್ನು ಹಗಲೂ ರಾತ್ರಿ ಸುಮಾರು 75 ಕೆಜಿ ಭಾರದಷ್ಟು ಜೋರಾಗಿ ಎಳೆಯುತ್ತಿರುತ್ತವೆ. ಬಾಗದೆ ಇನ್ನೇನು ಮಾಡೀತು? ಅದಕ್ಕೇ ಮರದೊಳಗೆ ಟ್ರಸ್ ರಾಡ್ ಅನ್ನುವ ಉಕ್ಕಿನ ಸರಳು ಕೂರಿಸಿರುತ್ತಾರೆ. ಗಿಬ್ಸನ್ ಕಂಪನಿಯಲ್ಲಿದ್ದ ಥ್ಯಾಡಿಯಸ್ ಮಕ್‌ಹ್ಯೂ ಅವರಿಗೆ 1923ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ತುದಿಯ ನಟ್ ಬಿಗಿ ಮಾಡಿದರೆ ಸರಳು ತಂತಿಗಳ ಎಳೆತಕ್ಕೆ ಎದುರಾಗಿ ನೆಕ್ ಅನ್ನು ಹಿಂದಕ್ಕೆ ತಳ್ಳುತ್ತದೆ.

ಪರೀಕ್ಷೆ ಹೀಗೆ. ಬೇಸ್ ಅನ್ನು ಶ್ರುತಿ ಮಾಡಿ, ತೊಡೆಯ ಮೇಲೆ ನುಡಿಸುವ ಭಂಗಿಯಲ್ಲೇ ಇಟ್ಟುಕೊಳ್ಳಿ. ಇ ತಂತಿಯನ್ನು ಒಂದು ಕೈಯಲ್ಲಿ ಮೊದಲ ಫ್ರೆಟ್‌ನಲ್ಲಿ, ಇನ್ನೊಂದು ಕೈಯಲ್ಲಿ ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಈಗ ತಂತಿಯೇ ಸ್ಕೇಲು. ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಸಣ್ಣ ಸಂದು ಕಾಣಬೇಕು. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಸುಮಾರು 0.3 ಮಿ.ಮೀ. ಅಷ್ಟು ಬಾಗು ಬೇಕೇಬೇಕು, ಯಾಕೆಂದರೆ ಅದುರುವ ತಂತಿ ನಡುವಿನಲ್ಲೇ ಜಾಸ್ತಿ ಉಬ್ಬುತ್ತದೆ. ಸಂದು ಜಾಸ್ತಿ ಇದ್ದರೂ ಗಾಬರಿ ಬೇಡ, ಅಲೆನ್ ಕೀ ಕಾಲು ಸುತ್ತು ತಿರುಗಿಸಿದರೆ ಸರಿಹೋದೀತು. ಆದರೆ ನಟ್ ಪೂರ್ತಿ ಬಿಗಿಯಾಗಿದ್ದೂ ನೆಕ್ ಬಾಗಿಯೇ ಇದ್ದರೆ ಸುಮ್ನೆ ಎದ್ದು ಬನ್ನಿ. ಬೇಸ್‌ನ ತಲೆಯ ಕಡೆಯಿಂದ, ಅಂದರೆ ಶ್ರುತಿ ಕೀಲಿಗಳಿರುವ ತುದಿಯಿಂದ, ಒಂದು ಕಣ್ಣು ಮುಚ್ಚಿ ನೋಡಿದಾಗ ನೆಕ್ ತಿರುಚಿಕೊಂಡಂತೆ ಕಂಡರೂ ಅಷ್ಟೇ. ಸರಳು ಬಾಗನ್ನು ತಿದ್ದಬಲ್ಲದು, ತಿರುಚನ್ನಲ್ಲ.

ಹವಾಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಂಗಳೂರಿನ ಜುಲೈ ತಿಂಗಳಲ್ಲಿ ನೀರು ಕುಡಿದ ಮರ ಕಲಬುರಗಿಯ ಏಪ್ರಿಲ್‌ನಲ್ಲಿ ಕುಗ್ಗುತ್ತದೆ. ಕುಗ್ಗುವುದು ಅಗಲಕ್ಕೆ. ಫ್ರೆಟ್‌ಗಳ ಲೋಹ ಮಾತ್ರ ಇದ್ದಷ್ಟೇ ಇರುತ್ತದೆ. ಆಗ ಅವುಗಳ ತುದಿ ಹೊರಗೆ ಇಣುಕಿ ಅಂಗೈಗೆ ಗೀರುತ್ತದೆ. ಅರ ಹಾಕಿ ನುಣುಪು ಮಾಡಿಸಬಹುದು, ಅಂಥ ಖರ್ಚಲ್ಲ. ಫ್ರೆಟ್‌ಗಳೇ ಸವೆದು ಹಳ್ಳ ಬಿದ್ದಿದ್ದರೆ ಖರ್ಚು ಜಾಸ್ತಿ. ವೀಣೆಯಾದರೆ ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ, ಮೇಣ ಕರಗಿಸಿ ಮತ್ತೆ ಜೋಡಿಸಬಹುದು. ಇಲ್ಲಿ ಅವನ್ನು ಮರದ ಸೀಳಿಗೆ ಬಡಿದು ಕೂರಿಸಿರುತ್ತಾರೆ.

ಇನ್ನು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಆಂಪ್‌ಗೆ, ಅಂದರೆ ದನಿ ಜೋರು ಮಾಡುವ ಪೆಟ್ಟಿಗೆಗೆ, ಹಾಕದೆ ಜಿ ತಂತಿಯ ಒಂದೊಂದೇ ಫ್ರೆಟ್ ಒತ್ತಿ, ಒಂದೇ ಜೋರಿನಲ್ಲಿ ಮೀಟುತ್ತಾ ಹೋಗಿ. ಪ್ರತಿ ಸ್ವರ ಎಷ್ಟು ಹೊತ್ತು ಉಳಿಯುತ್ತದೆ ಕೇಳಿ. ಎಷ್ಟೋ ಬೇಸ್‌ಗಳಲ್ಲಿ ಐದರಿಂದ ಏಳನೇ ಫ್ರೆಟ್ ನಡುವೆ ಒಂದು ಸ್ವರ ಟಪ್ ಅಂತ ಸತ್ತುಹೋಗುತ್ತದೆ. ಬೇಸ್ ನುಡಿಸುವವರು ಇದನ್ನು ಡೆಡ್ ಸ್ಪಾಟ್ ಅನ್ನುತ್ತಾರೆ. ನೆಕ್‌ಗೂ ತನ್ನದೇ ಕಂಪನಸಂಖ್ಯೆ ಇದೆ. ತಂತಿಯ ಸ್ವರ ಅದಕ್ಕೆ ತಾಳೆಯಾದರೆ ತಂತಿಯ ಶಕ್ತಿಯನ್ನೆಲ್ಲ ನೆಕ್ ಎಳೆದುಕೊಂಡು ತಾನೇ ಅದುರುತ್ತದೆ. ಆ ಸ್ವರ ಮೀಟಿ ತಲೆಯ ಮೇಲೆ ಬೆರಳಿಟ್ಟರೆ ನಡುಕ ಗೊತ್ತಾಗುತ್ತದೆ. ತಲೆಗೆ ಒಂದಿಷ್ಟು ಭಾರ ಕಚ್ಚಿಸಿದರೆ ನೆಕ್‌ನ ಕಂಪನಸಂಖ್ಯೆ ಇಳಿದು, ಸತ್ತ ಜಾಗ ಬೇರೆಡೆಗೆ ಸರಿಯುತ್ತದೆ. ಸರಿಯುತ್ತದೆ ಅಷ್ಟೇ, ಮಾಯವಾಗುವುದಿಲ್ಲ. ದುಬಾರಿ ಬೇಸ್‌ನಲ್ಲೂ ಇದು ಇರಬಹುದು. ನೀವು ಪದೇಪದೇ ನುಡಿಸುವ ಸ್ವರದ ಮೇಲೇ ಬಿದ್ದಿದೆಯಾ ಅನ್ನುವುದೇ ಪ್ರಶ್ನೆ.

ಬಾಡಿ ಯಾವ ಮರದ್ದು ಅನ್ನುವ ಚರ್ಚೆಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಪಿಕಪ್ ಅಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಅದಕ್ಕೆ ಮುಖ್ಯವಾಗಿ ಗೊತ್ತಾಗುವುದು ಉಕ್ಕಿನ ತಂತಿಯ ಅಲುಗಾಟ. ಮರದ ಪ್ರಭಾವ ತಂತಿಯ ಮೂಲಕವೇ ಬರಬೇಕು, ಅದರಲ್ಲೂ ನೆಕ್‌ನ ಪಾಲು ದೊಡ್ಡದು. ಬಾಡಿಯ ವಿಷಯದಲ್ಲಿ ನಾನು ನೋಡುವುದು ತೂಕ. ಎರಡು ಗಂಟೆ ಹೆಗಲಿಗೆ ಹಾಕಿಕೊಂಡು ನಿಂತರೆ ಯಾಕೆ ಅಂತ ಗೊತ್ತಾಗುತ್ತದೆ. ಅಂದಹಾಗೆ, ಎಷ್ಟೋ ನೆಕ್‌ಗಳ ಮೇಲಿನ ಕಪ್ಪುಗಂದು ಪಟ್ಟಿ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ ಮರದ್ದು.

ಆಮೇಲೆ ಆಂಪ್‌ಗೆ ಹಾಕಿ. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್, ಇ ತಂತಿಯ ಮೂರನೇ ಫ್ರೆಟ್‌ನ ಸ್ವರ 49 ಹರ್ಟ್ಸ್. ಪಿಕಪ್ ಹಿಡಿಯುವ ಗುಂಯ್ ಸದ್ದು ಹೀಗೆ ನಿಮ್ಮ ಸ್ವರಗಳ ಪಕ್ಕದಲ್ಲೇ ಕೂರುತ್ತದೆ. 1960ರಲ್ಲಿ ಬಂದ ಜಾಜ್ ಬೇಸ್ ಮಾದರಿಯವುಗಳಲ್ಲಿ ಎರಡು ಪಿಕಪ್ ಇರುತ್ತವೆ. ಹೆಚ್ಚಿನವುಗಳಲ್ಲಿ ಎರಡರ ವಾಲ್ಯೂಮನ್ನೂ ಪೂರ್ತಿ ಕೊಟ್ಟರೆ ಗುಂಯ್ ಅನ್ನುವುದು ಒಂದಕ್ಕೊಂದು ವಜಾ ಆಗುತ್ತದೆ, ಒಂದನ್ನು ಇಳಿಸಿದರೆ ಮರಳುತ್ತದೆ. ಅದು ದೋಷವಲ್ಲ, ಅದರ ಗುಣ. ನಾಬ್ ತಿರುಗಿಸುವಾಗ ಕರಕರ ಅಂದರೆ ಅದು ಧೂಳು. ದನಿ ಮಂಕಾಗಿದ್ದರೆ ಬೇಸ್ ಅನ್ನು ಬೈಯುವ ಮೊದಲು ತಂತಿ ನೋಡಿ. ಸುತ್ತುಗಳ ನಡುವೆ ಬೆವರು ಕೊಳೆ ತುಂಬಿದ ಹಳೇ ತಂತಿಯಲ್ಲಿ ಮೇಲಿನ ಕಂಪನಗಳು ಬೇಗ ಅಡಗುತ್ತವೆ.

ಎರಡು ಬೇಸ್ ಹೋಲಿಸುವುದಾದರೆ ಒಂದೇ ಆಂಪ್‌ನಲ್ಲಿ, ಒಂದೇ ಮಟ್ಟದ ದನಿಯಲ್ಲಿ ಕೇಳಿ. ನಮ್ಮ ಕಿವಿಗೆ ತಗ್ಗು ಸ್ವರಗಳು ಮಂದ ಅಂತ ಫ್ಲೆಚರ್ ಮತ್ತು ಮನ್ಸನ್ ಅನ್ನುವ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ದನಿ ಏರಿಸಿದಂತೆ ಆ ಮಂದತನ ಕಡಿಮೆಯಾಗುತ್ತದೆ. ಅಂದರೆ ಸ್ವಲ್ಪ ಜೋರಾಗಿ ನುಡಿಸಿ ತೋರಿಸಿದ ಬೇಸ್ ತುಂಬಿದ ದನಿಯದ್ದು ಅನಿಸಿಯೇ ಅನಿಸುತ್ತದೆ. ಅಂಗಡಿಯವರಿಗೆ ಈ ವಿಷಯ ಫ್ಲೆಚರ್ ಓದದೆಯೇ ಗೊತ್ತು.