ಡಾರ್ಕ್ ಮೋಡ್‌ಗೆ ಹೋದ್ರೂ ವ್ಯೂ ಬೆಳ್ಳಗೇ ಉಳೀತಿದ್ಯಾ? ಆಪ್‌ಕಿಟ್‌ನ ಲೇಯರ್ ಬಗ್ಗೆ ನೋಟ್ಸ್

ಆಪ್‌ಕಿಟ್ ಅಂದ್ರೆ ಮ್ಯಾಕ್ ಆಪ್‌ನ ವಿಂಡೋ, ಬಟನ್ ಎಲ್ಲಾ ಕಟ್ಟೋಕೆ ಆಪಲ್ ಕೊಡೋ ಕೋಡ್. ಐಫೋನ್ ಆಪ್ ಮಾಡಿ ಮ್ಯಾಕ್ ಕಡೆ ಬಂದೋರು ಮೊದಲು ಎಡವೋದೇ ಅದರ ಲೇಯರ್ ಹತ್ರ. ವ್ಯೂ ಅಂದ್ರೆ ಪರದೆ ಮೇಲಿನ ಒಂದು ಭಾಗ. ಐಫೋನ್‌ನ ಯುಐವ್ಯೂಗೆ ಲೇಯರ್ ಯಾವಾಗ್ಲೂ ಇರುತ್ತೆ, ಮ್ಯಾಕ್‌ನ ಎನ್‌ಎಸ್‌ವ್ಯೂ ಹಂಗಲ್ಲ, ಅದು ಲೇಯರ್‌ಗಳನ್ನ ನಡೆಸೋ ಕೋರ್ ಆ್ಯನಿಮೇಷನ್‌ಗಿಂತ ಹಳೇದು, 2007ರ ಮ್ಯಾಕ್ ಆವೃತ್ತಿ ಲೆಪರ್ಡ್‌ನಿಂದ ವಾಂಟ್ಸ್‌ಲೇಯರ್ ಟ್ರೂ ಮಾಡಿ ಲೇಯರ್ ಕೇಳಿ ಪಡೀಬೇಕಿತ್ತು. ಮೊಹಾವೆ ಆವೃತ್ತಿ, ಅಂದ್ರೆ 10.14ರ ಎಸ್‌ಡಿಕೆಯಿಂದ (ಆಪ್ ಕಟ್ಟೋ ಸಲಕರಣೆ) ತಾನಾಗೇ ಬರುತ್ತೆ, ಆದ್ರೂ ಇನಿಟ್ (ವ್ಯೂ ಹುಟ್ಟುವಾಗ ಓಡೋ ಕೋಡ್) ಒಳಗೇ ಲೇಯರ್ ಮುಟ್ಟೋದಾದ್ರೆ ವಾಂಟ್ಸ್‌ಲೇಯರ್ ಸಾಲು ಬರೀರಿ, ಇಲ್ಲಾಂದ್ರೆ ಲೇಯರ್ ಇನ್ನೂ ನಿಲ್, ಅಂದ್ರೆ ಖಾಲಿ, ಇರುತ್ತೆ, ಪ್ರಶ್ನೆ ಚಿಹ್ನೆ ಹಾಕಿ ಬರೆದ ಕೋಡ್ ಎರರ್ ಕೊಡದೇ ಸುಮ್ನೆ ಮುಂದೆ ಹೋಗುತ್ತೆ.

ಲೇಯರ್ ಅಂದ್ರೆ ವ್ಯೂ ಬರೆದ ಚಿತ್ರ ಇಟ್ಕೊಳ್ಳೋ ಜಾಗ ಅಂದ್ಕೊಳ್ಳಿ. ವ್ಯೂ ಸರಿಸಿದ್ರೂ ಫೇಡ್ ಮಾಡಿದ್ರೂ ಮತ್ತೆ ಬರೆಯೋದಿಲ್ಲ, ಇರೋ ಚಿತ್ರಾನೇ ಜಿಪಿಯು ಓಡಾಡಿಸುತ್ತೆ. ಚಿತ್ರ ಅಂದ್ಮೇಲೆ ಮೆಮೊರಿ ಬೇಕು: 1000×1000 ಪಾಯಿಂಟ್ ವ್ಯೂ ರೆಟಿನಾದಲ್ಲಿ 2000×2000 ಪಿಕ್ಸೆಲ್, ಪಿಕ್ಸೆಲ್‌ಗೆ 4 ಬೈಟ್, ಹತ್ರ ಹತ್ರ 16 ಎಂಬಿ. ಬರೀ ಬಣ್ಣ ತುಂಬೋಕೆ ಇಷ್ಟು ಖರ್ಚು ಯಾಕೆ, ವಾಂಟ್ಸ್‌ಅಪ್‌ಡೇಟ್‌ಲೇಯರ್ ಟ್ರೂ ಮಾಡಿ ಅಪ್‌ಡೇಟ್‌ಲೇಯರ್ ಒಳಗೆ ಬ್ಯಾಕ್‌ಗ್ರೌಂಡ್‌ಕಲರ್ ಕೊಡಿ, ಚಿತ್ರವೇ ಬೇಡ.

ಈಗ ಡಾರ್ಕ್ ಮೋಡ್ ವಿಷಯ, ನಾನು ಒಂದಿಡೀ ಸಂಜೆ ಕೂತಿದ್ದು ಇದಕ್ಕೇ. ಒಂದು ಕಾರ್ಡ್ ವ್ಯೂ, ಇನಿಟ್‌ನಲ್ಲಿ ಎನ್‌ಎಸ್‌ಕಲರ್‌ನ ಟೆಕ್ಸ್ಟ್‌ಬ್ಯಾಕ್‌ಗ್ರೌಂಡ್‌ಕಲರ್ ತಗೊಂಡು ಸಿಜಿಕಲರ್ (ಲೇಯರ್‌ಗೆ ಬೇಕಾದ ಬಣ್ಣದ ರೂಪ) ಮಾಡಿ ಲೇಯರ್‌ಗೆ ಕೊಟ್ಟಿದ್ದೆ, ಡಾರ್ಕ್ ಮಾಡಿದ ತಕ್ಷಣ ಅಕ್ಷರ ಬೆಳ್ಳಗಾಯ್ತು, ಕಾರ್ಡೂ ಬೆಳ್ಳಗೇ ಇತ್ತು, ಏನೂ ಓದೋಕಾಗ್ಲಿಲ್ಲ. ಕಾರಣ ಇಷ್ಟೇ: ಎನ್‌ಎಸ್‌ಕಲರ್‌ಗೆ ಮೋಡ್ ನೋಡ್ಕೊಂಡು ಬದಲಾಗೋದು ಗೊತ್ತು, ಸಿಜಿಕಲರ್ ಮಾಡಿದ ಕ್ಷಣಕ್ಕೆ ಅದು ಬರೀ ಅಂಕಿ, ಆ ಹೊತ್ತಿನ ಬಣ್ಣಕ್ಕೇ ಗಟ್ಟಿಯಾಗಿಬಿಡುತ್ತೆ. ಅದೇ ಸಾಲನ್ನ ಅಪ್‌ಡೇಟ್‌ಲೇಯರ್‌ಗೆ ಹಾಕಿದೆ, ಸರಿಹೋಯ್ತು, ಯಾಕಂದ್ರೆ ಮೋಡ್ ಬದಲಾದಾಗ ಆಪ್‌ಕಿಟ್ ಅದನ್ನ ಮತ್ತೆ ಕರೆಯುತ್ತೆ.

ವಿಂಡೋ ಎಳೆದು ದೊಡ್ಡದು ಮಾಡುವಾಗ ತಡವರಿಸ್ತಿದ್ರೆ ರೀಡ್ರಾ ಪಾಲಿಸಿ, ಅಂದ್ರೆ ಚಿತ್ರ ಯಾವಾಗ ಮತ್ತೆ ಬರೀಬೇಕು ಅನ್ನೋ ಸೆಟ್ಟಿಂಗ್, ನೋಡಿ. ಡೀಫಾಲ್ಟ್‌ನಲ್ಲಿ ಸೈಜ್ ಬದಲಾದಾಗೆಲ್ಲ ಮತ್ತೆ ಬರೆಯುತ್ತೆ, ಆನ್‌ಸೆಟ್‌ನೀಡ್ಸ್‌ಡಿಸ್‌ಪ್ಲೇ ಇಟ್ರೆ ನೀವು ಹೇಳ್ದಾಗ ಮಾತ್ರ. ಆಗ ಹಳೇ ಚಿತ್ರ ಜಗ್ಗಿದಂಗೆ ಕಾಣ್ಬೋದು, ಲೇಯರ್‌ಕಂಟೆಂಟ್ಸ್‌ಪ್ಲೇಸ್‌ಮೆಂಟ್ ಟಾಪ್‌ಲೆಫ್ಟ್ ಮಾಡಿ.

ಲೇಯರ್‌ನ ಫ್ರೇಮ್, ಟ್ರಾನ್ಸ್‌ಫಾರ್ಮ್ ಮಾತ್ರ ಮುಟ್ಬೇಡಿ, ಅದು ಆಪ್‌ಕಿಟ್ ಕೈಲಿರುತ್ತೆ, ಮುಂದಿನ ಲೇಔಟ್‌ನಲ್ಲಿ ನೀವು ಕೊಟ್ಟಿದ್ದು ಅಳಿಸಿಹೋಗ್ಬೋದು. ಪೂರ್ತಿ ನಿಮ್ಮದೇ ಲೇಯರ್ ಬೇಕಂದ್ರೆ ಮೊದಲು ಲೇಯರ್ ಕೊಡಿ, ಆಮೇಲೆ ವಾಂಟ್ಸ್‌ಲೇಯರ್, ಈ ಕ್ರಮ ಉಲ್ಟಾ ಆಗ್ಬಾರ್ದು. ಅಂಥ ವ್ಯೂ ಒಳಗೆ ಸಬ್‌ವ್ಯೂ ಹಾಕ್ಬೇಡಿ, ಲೇಯರ್‌ನ ಕಂಟೆಂಟ್ಸ್‌ಸ್ಕೇಲ್ (ಪಾಯಿಂಟ್‌ಗೆ ಎಷ್ಟು ಪಿಕ್ಸೆಲ್ ಅನ್ನೋದು) ನೀವೇ ಕೊಡಿ, ಇಲ್ಲಾಂದ್ರೆ ರೆಟಿನಾದಲ್ಲಿ ಅಕ್ಷರ ಮಸುಕು.