ಹೊಸ ಆನ್‌ಲೈನ್ ಅಂಗಡಿಗೆ ಜನ ಬರೋದು ಹೇಗೆ: ನನ್ನ ಟಿಪ್ಪಣಿ

ಈ ವಿಷಯ ಓದಲು ಕೂತಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಜಾಹೀರಾತು. ದುಡ್ಡು ಹಾಕಿದರೆ ಜನ ಬರ್ತಾರೆ, ಅಷ್ಟೇ ಅಲ್ವಾ? ಬರುತ್ತಾರೆ ನಿಜ, ಆದರೆ ದುಡ್ಡು ಹಾಕೋದು ನಿಲ್ಲಿಸಿದ ದಿನ ಅವರೂ ನಿಲ್ಲುತ್ತಾರೆ. ಅದಕ್ಕೇ ಇಲ್ಲಿ ಗೂಗಲ್‌ನಲ್ಲಿ ಹುಡುಕಿಕೊಂಡು ಬರುವವರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಮೊದಲು ಅಂಗಡಿ ಗೂಗಲ್‌ಗೆ ಕಾಣಬೇಕು. ಇಲ್ಲಿ ಎರಡು ಪದ ನನಗೆ ಬಹಳ ದಿನ ಗೊಂದಲ ಮಾಡಿದವು, ಕ್ರಾಲಿಂಗ್ ಮತ್ತು ಇಂಡೆಕ್ಸಿಂಗ್. ಗೂಗಲ್‌ಬಾಟ್ ಅನ್ನುವ ಪ್ರೋಗ್ರಾಂ ಒಂದು ಲಿಂಕ್‌ನಿಂದ ಇನ್ನೊಂದಕ್ಕೆ ಹೋಗುತ್ತಾ ಪುಟಗಳನ್ನು ಓದುವುದು ಕ್ರಾಲಿಂಗ್. ಓದಿದ್ದನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳುವುದು ಇಂಡೆಕ್ಸಿಂಗ್. ಓದಿದ್ದೆಲ್ಲ ಪಟ್ಟಿಗೆ ಸೇರುತ್ತದೆ ಅಂತೇನಿಲ್ಲ. ಹೊಸ ಅಂಗಡಿಗೆ ಹೊರಗಿನಿಂದ ಲಿಂಕ್‌ಗಳೇ ಇರುವುದಿಲ್ಲ, ಹಾಗಾಗಿ ಸರ್ಚ್ ಕನ್ಸೋಲ್‌ಗೆ (ನಮ್ಮ ಸೈಟ್ ಹುಡುಕಾಟದಲ್ಲಿ ಹೇಗಿದೆ ಅಂತ ತೋರಿಸುವ ಗೂಗಲ್‌ನದೇ ಉಪಕರಣ) ಹೋಗಿ, ಸೈಟ್ ನಮ್ಮದೇ ಅಂತ ತೋರಿಸಿ, ಸೈಟ್‌ಮ್ಯಾಪ್, ಅಂದರೆ ಸೈಟ್‌ನ ಪುಟಗಳ ಪಟ್ಟಿ, ಕೊಟ್ಟು ಬರಬೇಕು. ಇದಕ್ಕೆ ದುಡ್ಡೇನೂ ಬೇಕಿಲ್ಲ.

ನಾನು ಅಭ್ಯಾಸಕ್ಕೆ ಅಂತ ಒಂದು ಪುಟ್ಟ ಬ್ಯಾಗ್ ಅಂಗಡಿ ಮಾಡಿದ್ದೆ. ಮೂರು ವಾರ ಕಳೆದರೂ ಒಂದು ಪುಟವೂ ಹುಡುಕಾಟದಲ್ಲಿ ಬರಲಿಲ್ಲ, ಗೂಗಲ್‌ಗೆ ನನ್ನ ಮೇಲೆ ಏನು ಸಿಟ್ಟು ಅಂತ ಯೋಚಿಸುತ್ತಿದ್ದೆ. ಕೊನೆಗೆ ನೋಡಿದರೆ, ಅಂಗಡಿ ಕಟ್ಟುವಾಗ ಯಾರಿಗೂ ಕಾಣದಿರಲಿ ಅಂತ ನಾನೇ ಹಾಕಿದ್ದ ನೋಇಂಡೆಕ್ಸ್ ಟಿಕ್ (ಪುಟವನ್ನು ಪಟ್ಟಿಗೆ ಸೇರಿಸಬೇಡ ಅಂತ ಗೂಗಲ್‌ಗೆ ಹೇಳುವ ಗುರುತು) ಹಾಗೇ ಇತ್ತು! ಇದರ ಜೊತೆ ಇನ್ನೊಂದು ಸೂಕ್ಷ್ಮ ಇದೆ. ಯಾವ ಪುಟ ಓದಬಾರದು ಅಂತ ಗೂಗಲ್‌ಬಾಟ್‌ನಂಥ ಪ್ರೋಗ್ರಾಂಗಳಿಗೆ ಹೇಳುವ ರೋಬೋಟ್ಸ್ ಫೈಲ್‌ನಲ್ಲಿ ತಡೆದರೆ ಗೂಗಲ್ ಆ ಪುಟ ಓದುವುದಿಲ್ಲ, ಓದದಿದ್ದರೆ ಅಲ್ಲಿರುವ ನೋಇಂಡೆಕ್ಸ್ ಕೂಡ ಅದಕ್ಕೆ ಕಾಣುವುದಿಲ್ಲ. ಅಂದರೆ ಪುಟವನ್ನು ಹುಡುಕಾಟದಿಂದ ತೆಗೆಯಬೇಕಾದರೆ ಅದನ್ನು ಓದಲು ಬಿಡಲೇಬೇಕು. ಇದು ನನಗೆ ಎರಡು ಸಲ ಓದಿದ ಮೇಲೆ ಅರ್ಥವಾಯಿತು.

ಇನ್ನು ಜನ ಏನು ಟೈಪ್ ಮಾಡುತ್ತಾರೆ ಅನ್ನೋದು. ‘ಬ್ಯಾಗ್’ ಅನ್ನುವ ಒಂದೇ ಪದಕ್ಕೆ ದೊಡ್ಡ ದೊಡ್ಡ ಅಂಗಡಿಗಳು ಮೊದಲೇ ಸಾಲಾಗಿ ನಿಂತಿವೆ, ಅಲ್ಲಿ ಹೊಸಬರಿಗೆ ಜಾಗ ಇಲ್ಲ. ‘ಮಳೆಗೆ ನೆನೆಯದ 15 ಇಂಚಿನ ಲ್ಯಾಪ್‌ಟಾಪ್ ಬ್ಯಾಗ್’ ಅಂತ ಹುಡುಕುವವರು ಕಡಿಮೆ, ಆದರೆ ಅವರಿಗೆ ಬೇಕಾದದ್ದು ಏನು ಅಂತ ಅವರಿಗೇ ಗೊತ್ತು. ಇಂಥ ಉದ್ದನೆಯ ಹುಡುಕಾಟಗಳಿಗೆ ಲಾಂಗ್ ಟೇಲ್ ಅನ್ನುತ್ತಾರೆ. ‘ಬ್ಯಾಗ್ ತೊಳೆಯೋದು ಹೇಗೆ’ ಅಂತ ಕೇಳುವವರು ಇವತ್ತು ಕೊಳ್ಳಲು ಬಂದವರಲ್ಲ, ಅವರನ್ನು ಸೀದಾ ಬೆಲೆ ಇರುವ ಪುಟಕ್ಕೆ ತಂದು ನಿಲ್ಲಿಸಿದರೆ ವಾಪಸ್ ಹೋಗುತ್ತಾರೆ. ಅವರಿಗೆ ಬೇರೆ ಪುಟ ಬರೆಯಬೇಕು.

ತಯಾರಕರು ಕೊಟ್ಟ ವಿವರಣೆಯನ್ನು ಸುಮ್ನೆ ಕಾಪಿ ಮಾಡಿ ಅಂಟಿಸಬೇಡಿ. ಅದೇ ಸಾಲುಗಳು ನೂರಾರು ಅಂಗಡಿಗಳಲ್ಲಿ ಇರುತ್ತವೆ, ಅವನ್ನು ಬಿಟ್ಟು ಗೂಗಲ್ ನಿಮ್ಮದನ್ನೇ ಯಾಕೆ ತೋರಿಸಬೇಕು? ಬ್ಯಾಗ್‌ನ ತೂಕ, ಒಳಗೆ ನಿಜವಾಗಿ ಏನೇನು ಹಿಡಿಸುತ್ತದೆ, ಜಿಪ್ ಹೇಗಿದೆ, ನೀವೇ ತೆಗೆದ ಫೋಟೋ, ಇವೆಲ್ಲ ಹಾಕಿ. ಮೆಟಾ ಕೀವರ್ಡ್ಸ್ (ಪುಟದ ಕೋಡ್‌ನಲ್ಲಿ ಜನರಿಗೆ ಕಾಣದಂತೆ ಹಾಕುವ ಪದಗಳ ಪಟ್ಟಿ) ತುಂಬುತ್ತಾ ಕೂರಬೇಡಿ, ಅದನ್ನು ರ‍್ಯಾಂಕಿಂಗ್‌ಗೆ, ಅಂದರೆ ಯಾವ ಪುಟ ಮೇಲೆ ಬರಬೇಕು ಅಂತ ತೀರ್ಮಾನಿಸಲು, ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ.

ವೇಗದ ಬಗ್ಗೆ ಎರಡೇ ಮಾತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ, ಸಾಮಾನ್ಯವಾಗಿ ಅದನ್ನು ಕೆಡಿಸುವುದು ಕುಗ್ಗಿಸದೆ ಹಾಕಿದ ಭಾರೀ ಫೋಟೋಗಳು. ಮೊಬೈಲ್‌ನಲ್ಲಿ ತೆರೆದು ನೋಡಿ, ಗೂಗಲ್ ಕೂಡ ಮೊಬೈಲ್ ಪುಟವನ್ನೇ ಓದುತ್ತದೆ.

ಜಾಹೀರಾತು ಬೇಡವೇ ಬೇಡ ಅಂತಲ್ಲ, ಲೆಕ್ಕ ಹಾಕಿ ಮಾಡಬೇಕು. ಬಂದ ನೂರು ಜನರಲ್ಲಿ ಇಬ್ಬರು ಕೊಂಡರು ಅಂದುಕೊಳ್ಳಿ, ಪ್ರತಿ ಕ್ಲಿಕ್‌ಗೂ ದುಡ್ಡು ಹೋಗುವಾಗ ಒಂದು ಆರ್ಡರ್‌ಗೆ 50 ಕ್ಲಿಕ್‌ನ ದುಡ್ಡು ಕೊಟ್ಟ ಹಾಗಾಯಿತು. ಒಂದು ಬ್ಯಾಗ್‌ನ ಲಾಭ ಅಷ್ಟನ್ನು ತಡೆಯುತ್ತದಾ? ನನ್ನ ಪ್ರಕಾರ ಶುರುವಿನಲ್ಲಿ ಸ್ವಲ್ಪ ದುಡ್ಡು ಹಾಕಿ ಯಾವ ಪದದಿಂದ ಬಂದವರು ಕೊಳ್ಳುತ್ತಾರೆ ಅಂತ ತಿಳಿದುಕೊಳ್ಳಬೇಕು, ಆಮೇಲೆ ಆ ಪದಕ್ಕೆ ಪುಟ ಬರೆಯಬೇಕು. ‘ಹತ್ತು ಸಾವಿರ ವಿಸಿಟರ್ಸ್ ಕೊಡ್ತೀವಿ’ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ, ಅಲ್ಲಿ ಬರುವುದು ಹೆಚ್ಚಾಗಿ ಬಾಟ್‌ಗಳು, ಅಂದರೆ ಮನುಷ್ಯರಲ್ಲ, ಪ್ರೋಗ್ರಾಂಗಳು, ಬಾಟ್‌ಗೆ ಬ್ಯಾಗ್ ಯಾಕೆ?

ಹೊರಗೆ ಹಂಚುವ ಪ್ರತಿ ಲಿಂಕ್‌ಗೂ ಯುಟಿಎಂ ಟ್ಯಾಗ್ (ಜನ ಎಲ್ಲಿಂದ ಬಂದರು ಅಂತ ತಿಳಿಯಲು ಲಿಂಕ್‌ನ ಕೊನೆಗೆ ಸೇರಿಸುವ ಗುರುತು) ಹಾಕಿ. ಇಲ್ಲದಿದ್ದರೆ ಮೆಸೇಜ್‌ನಲ್ಲಿ ಕಳಿಸಿದ ಲಿಂಕ್‌ನಿಂದ ಬಂದವರು ಗೂಗಲ್ ಅನಾಲಿಟಿಕ್ಸ್‌ನಲ್ಲಿ (ಸೈಟ್‌ಗೆ ಬಂದವರ ಲೆಕ್ಕ ಇಡುವ ಉಪಕರಣ) ‘ಡೈರೆಕ್ಟ್’ ಅನ್ನುವ ರಾಶಿಗೆ ಬೀಳುತ್ತಾರೆ, ಎಲ್ಲಿಂದ ಬಂದರು ಅಂತ ಗೊತ್ತೇ ಆಗುವುದಿಲ್ಲ. ಯುಟಿಎಂ ಅನ್ನುವ ಹೆಸರಲ್ಲಿ ‘ಯು’ ಅಂದರೆ ಅರ್ಚಿನ್, 2005ರಲ್ಲಿ ಗೂಗಲ್ ಕೊಂಡುಕೊಂಡ ಕಂಪನಿ, ಅನಾಲಿಟಿಕ್ಸ್ ಹುಟ್ಟಿದ್ದೂ ಅದರಿಂದಲೇ. ಟ್ಯಾಗ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೆರೆಸಿದರೆ ಒಂದೇ ಮೂಲ ಎರಡು ಸಾಲಾಗಿ ಬರುತ್ತದೆ, ಅದಕ್ಕೆ ಎಲ್ಲವೂ ಚಿಕ್ಕಕ್ಷರದಲ್ಲೇ ಇರಲಿ.

ವಾರಕ್ಕೊಮ್ಮೆ ಸರ್ಚ್ ಕನ್ಸೋಲ್ ತೆರೆದು, ಜನರಿಗೆ ಜಾಸ್ತಿ ಸಲ ಕಂಡರೂ ಕ್ಲಿಕ್ ಬಾರದ ಪುಟಗಳನ್ನು ಹುಡುಕಿ. ಹುಡುಕಾಟದ ಪಟ್ಟಿಯಲ್ಲಿ ಮೊದಲ ಹತ್ತರೊಳಗಿದ್ದೂ ಕ್ಲಿಕ್ ಬರುತ್ತಿಲ್ಲ ಅಂದರೆ ಶೀರ್ಷಿಕೆ ಬದಲಿಸಿ ನೋಡಬಹುದು. ಸ್ಥಾನ 40ರ ಹತ್ತಿರ ಇದ್ದರೆ ಶೀರ್ಷಿಕೆಯದ್ದೇನೂ ತಪ್ಪಿಲ್ಲ, ಅಷ್ಟು ಕೆಳಗಿನವರೆಗೆ ಬಂದು ಕ್ಲಿಕ್ ಮಾಡುವವರು ಬಹಳ ಕಡಿಮೆ ಅಷ್ಟೇ. ಆಗ ಪುಟವನ್ನೇ ತಿರುಗಿ ಬರೆಯಬೇಕು.