ಕಾಲ್ಪೇಟಿಯ ಊರು ಬದಲಿಸುವ ಮುನ್ನ

ಬಾಗಲಕೋಟೆ ಕಡೆಯ ಒಂದು ಸಣ್ಣ ಚರ್ಚಿನಿಂದ ಫೋನ್ ಬಂತು. "ನಮ್ಮಲ್ಲಿ ಹಳೇ ಪೈಪ್ ಆರ್ಗನ್ ಐತ್ರಿ, ಬೆಳಗಾವಿ ಚರ್ಚಿಗೆ ಕೊಡಬೇಕಂತ ಮಾಡೀವಿ, ಬಂದು ಬಿಚ್ಚಿ ಕೊಡ್ರಿ" ಅಂದರು. ಹೋಗಿ ನೋಡಿದೆ. ಮೇಲೆ ಬಣ್ಣದ ಕೊಳವೆಗಳು ಸಾಲಾಗಿ ನಿಂತಿದ್ದವು. ಒಂದನ್ನು ತೆಗೆದು ತಿರುಗಿಸಿದೆ. ಗಾಳಿ ಹೋಗುವ ತೂತೇ ಇರಲಿಲ್ಲ, ಬರೀ ಅಲಂಕಾರ. ಒಳಗೆ ಇದ್ದದ್ದು ಹಿತ್ತಾಳೆ ರೀಡ್, ಗಾಳಿ ಹಾದರೆ ಅದುರಿ ಸ್ವರ ಕೊಡುವ ತೆಳು ಪಟ್ಟಿ. ಅಂದರೆ ನಮ್ಮ ನಾಟಕ ಕಂಪನಿಗಳ ಕಾಲ್ಪೇಟಿಯ, ಕಾಲಿನಿಂದ ಗಾಳಿ ತುಳಿಯುವ ಹಾರ್ಮೋನಿಯಂನ, ಕುಲದ್ದೇ.

ಅಲ್ಲಿಯ ಹಿರಿಯರ ಮುಖ ಸಣ್ಣದಾಯಿತು. ನಾನು ಹೇಳಿದ್ದು ಇಷ್ಟು: ನಿಮ್ಮೂರಿಗೆ ಇದೇ ಸರಿ. ಪೈಪ್ ಆರ್ಗನ್ನಿನಲ್ಲಿ ನುಡಿಯುವುದು ಕೊಳವೆಯೊಳಗಿನ ಗಾಳಿ. ಬಿಸಿಲು 10 ಡಿಗ್ರಿ ಏರಿದರೆ ಒಂದು ಕೀಯಿಂದ ಪಕ್ಕದ ಕೀಗೆ ಇರುವ ಅಂತರದಲ್ಲಿ ಸುಮಾರು ಮೂರರಲ್ಲೊಂದು ಭಾಗ ಶ್ರುತಿ ಮೇಲೆ ಹೋಗುತ್ತದೆ. ರೀಡ್ ಅಷ್ಟು ಕದಲುವುದಿಲ್ಲ. ಬೆಲೆ, ತೂಕ ಎರಡೂ ಕಡಿಮೆ. ಅಮೆರಿಕದ ಎಸ್ಟಿ ಕಂಪನಿಯೊಂದೇ ಇಂಥವನ್ನು 5 ಲಕ್ಷಕ್ಕೂ ಜಾಸ್ತಿ ಮಾಡಿತ್ತು. ಪ್ಯಾರಿಸ್ಸಿನಲ್ಲಿ ದೆಬೆನ್ ಎಂಬ ವಾದ್ಯ ತಯಾರಕ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಆಮೇಲೆ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಕೈಯಿಂದ ನುಡಿಸುವಂತೆ ಮಾಡಿದರು. ಪಂಡಿತ ರಾಮಭಾವು ವಿಜಾಪುರೆಯವರು ಬೆಳಗಾವಿಯಲ್ಲಿ ಜೀವನವಿಡೀ ನುಡಿಸಿದ ಪೇಟಿ ಆ ದಾರಿಯಲ್ಲೇ ಬಂದದ್ದು.

ಒಂದು ವ್ಯತ್ಯಾಸ ಇದೆ. ನಮ್ಮ ಪೇಟಿ ಗಾಳಿಯನ್ನು ಹೊರಗೆ ತಳ್ಳುತ್ತದೆ, ಈ ಚರ್ಚಿನದರಂಥ ಅಮೆರಿಕನ್ ಮಾದರಿ ಒಳಗೆ ಎಳೆಯುತ್ತದೆ. ಗಾಳಿ ಜೊತೆ ಧೂಳೂ ರೀಡಿಗೆ ಬರುತ್ತದೆ. ಅದಕ್ಕೇ ಎಷ್ಟೋ ಆರ್ಗನ್‌ಗಳಲ್ಲಿ ಕೆಟ್ಟಿರುವುದು ಏನೂ ಇರುವುದಿಲ್ಲ, ಕಸ ಸಿಕ್ಕಿರುತ್ತದೆ ಅಷ್ಟೇ.

ಸಾಗಿಸುವಾಗ ಇಡೀ ಪೆಟ್ಟಿಗೆಯನ್ನು ಟೆಂಪೋದಲ್ಲಿ ಮಲಗಿಸಿ ಕಳಿಸಬೇಡಿ. ಶುರುವಿನ ದಿನಗಳಲ್ಲಿ ನಾನೇ ಹಾಗೆ ಕಳಿಸಿ, ಗಿರಾಕಿಯ ಪೇಟಿಯ ಕೀಗಳೆಲ್ಲ ಜಾಗ ಬಿಟ್ಟು, ತಿದಿ ಹರಿದು, ಮೂರು ವಾರ ಕೂತು ಸರಿಮಾಡಿಕೊಟ್ಟಿದ್ದೇನೆ. ಈ ಆರ್ಗನ್ನಿಗೆ 61 ಕೀ, ಕೀಗೊಂದರಂತೆ ಎರಡು ಸಾಲು ರೀಡ್, ಒಟ್ಟು 122. ಒಂದೊಂದನ್ನೂ ಸಣ್ಣ ಕೊಕ್ಕೆಯಿಂದ ಎಳೆದು, ನಂಬರ್ ಹಾಕಿ, ಇದ್ದ ಕ್ರಮದಲ್ಲೇ ಹಲಗೆಯಲ್ಲಿ ಜೋಡಿಸಿದೆವು. ಮೆತ್ತನೆ ಬ್ರಷ್ಷಿನಿಂದ ಬುಡದಿಂದ ತುದಿಯ ಕಡೆಗೆ ಮಾತ್ರ ಒರೆಸಬೇಕು. ಹೊಳೆಯಲಿ ಅಂತ ಉಜ್ಜಬೇಡಿ! ತುದಿ ಸವೆದರೆ ಸ್ವರ ಏರುತ್ತದೆ, ಬುಡ ಸವೆದರೆ ಇಳಿಯುತ್ತದೆ, ಹೋದ ಹಿತ್ತಾಳೆ ತಿರುಗಿ ಬರುವುದಿಲ್ಲ.

ಅಂಟಿನ ವಿಷಯದಲ್ಲಿ ನನಗೆ ಹೊಟ್ಟೆ ಉರಿಯುತ್ತದೆ. ಹಳಬರು ಹಾಕಿದ್ದು ಸರೇಸು, ಅಂದರೆ ಪ್ರಾಣಿಗಳ ಚರ್ಮ ಕಾಸಿ ಮಾಡಿದ ಅಂಟು, ಬಿಸಿನೀರು ಮುಟ್ಟಿಸಿದರೆ ಬಿಡುತ್ತದೆ. ಹಿಂದೆ ಯಾರೋ ರಿಪೇರಿಗೆ ಬಂದವರು ತಿದಿಗೆ ಬಿಳಿ ಗಮ್ ಮೆತ್ತಿದ್ದರು, ಅದನ್ನು ಬಿಡಿಸಲು ನೂರು ವರ್ಷದ ಮರವನ್ನೇ ಕೆತ್ತಬೇಕಾಯಿತು.

ಇನ್ನು ಹವೆ. ಬಾಗಲಕೋಟೆ ಕಡೆಯ ಒಣ ಬಿಸಿಲಿಗೆ ಕುಗ್ಗಿದ ಮರ ಬೆಳಗಾವಿ ಮಳೆಗೆ ಉಬ್ಬುತ್ತದೆ. ಜೋಡಿಸಿ ಎರಡು ವಾರಕ್ಕೆ ಮೂರು ಕೀ ಹಿಡಿದುಕೊಂಡವು. ಕೀಯ ಮರ ಕೆರೆದುಬಿಡಿ ಅಂದರು ಬೆಳಗಾವಿ ಚರ್ಚಿನವರು, ನಾನು ಒಪ್ಪಲಿಲ್ಲ. ಈಗ ಕೆರೆದರೆ ಬೇಸಿಗೆಯಲ್ಲಿ ಸಡಿಲಾಗಿ ಕಟಕಟ ಅನ್ನುತ್ತದೆ, ಅಲ್ವಾ? ಗೋಡೆಯಿಂದ ಒಂದು ಗೇಣು ದೂರ ಇಡಿಸಿದ್ದೇನೆ, ದಿನಾ ಹತ್ತು ನಿಮಿಷ ನುಡಿಸಿ ಎಂದಿದ್ದೇನೆ. ದೀಪಾವಳಿ ಕಳೆದ ಮೇಲೆ ಹೋಗಿ ಆ ಮೂರು ಕೀ ನೋಡುತ್ತೇನೆ.